ಡಬರಿಯ ಒಳಮೈ

ನಮ್ಮ ಕಾಲೇಜಿನಲ್ಲಿ ‘ಸರಿ’ ಎಂಬ ಮಾತನ್ನು ಜಿಪುಣತನದಿಂದ ಖರ್ಚು ಮಾಡುತ್ತಿದ್ದವರು ರಸಾಯನಶಾಸ್ತ್ರದ ಮೇಷ್ಟ್ರೊಬ್ಬರೇ. ನಾವೆಲ್ಲ ಬೆಳಗಾದರೆ ಸರಿ ಅನ್ನುತ್ತಲೇ ಇರುತ್ತೇವೆ. ಪ್ರಿನ್ಸಿಪಾಲರು ಏನು ಹೇಳಿದರೂ ಸರಿ, ಹೆಂಡತಿ ಏನು ಹೇಳಿದರೂ ಸರಿ, ಬಸ್ಸಿನಲ್ಲಿ ಪಕ್ಕ ಕೂತವನು ದೇಶದ ಬಗ್ಗೆ ಏನು ಹೇಳಿದರೂ ಸರಿ. ಅವರು ಹಾಗಲ್ಲ. ಎದುರಿನವರು ಮಾತು ಮುಗಿಸಿದ ಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ ಒಂದು ಗಳಿಗೆ ಯೋಚಿಸುವರು. ಆಮೇಲೆ, ಸರಿಯಿದ್ದರೆ ‘ಸರಿ’, ಇಲ್ಲದಿದ್ದರೆ ‘ತಪ್ಪು’. ಆ ‘ತಪ್ಪು’ ಎಂಬುದರಲ್ಲಿ ಕೋಪವಾಗಲಿ ಕುಹಕವಾಗಲಿ ಇರುತ್ತಿರಲಿಲ್ಲ. ಆದರೆ ಕೇಳಿಸಿಕೊಂಡವರಿಗೆ ಅದು ಹೇಗೆ ಗೊತ್ತಾಗಬೇಕು?

ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದಿದ್ದರು. ಕೈ ತೊಳೆಯುವಾಗ ನನ್ನ ಹೆಂಡತಿ ವಾಡಿಕೆಯಂತೆ, “ಊಟ ಹೇಗಿತ್ತು ಸಾರ್?” ಎಂದಳು. ಅವರು ಕನ್ನಡಕ ಒರೆಸಿ, “ಪಲ್ಯ ಚೆನ್ನಾಗಿತ್ತಮ್ಮ. ಪಾಯಸ ತಳ ಹಿಡಿದಿತ್ತು” ಎಂದರು. ತಳ ಹಿಡಿದದ್ದು ನಿಜ. ಅದು ಊರಿಗೆಲ್ಲ ಗೊತ್ತಾಗಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ ಅಷ್ಟೇ. ನನ್ನ ಹೆಂಡತಿ ಬಹಳ ಕಾಲ ಅವರ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು.

ಕಳೆದ ತಿಂಗಳು ಅವರು ತೀರಿಕೊಂಡರು. ನಿವೃತ್ತಿಯ ನಂತರ ಪಾವಗಡ ತಾಲ್ಲೂಕಿನಲ್ಲಿ, ನಾಗಲಮಡಿಕೆಯ ಹತ್ತಿರವಿರುವ ತಮ್ಮ ಊರಿಗೆ ಹೋಗಿ ನೆಲೆಸಿದ್ದರು. ಅದಕ್ಕೆ ಮೊದಲು ನಾವಿಬ್ಬರೂ ಮಧುಗಿರಿಯಲ್ಲಿದ್ದು, ಕೊರಟಗೆರೆ ಕಡೆಯ ಒಂದು ಹೋಬಳಿ ಊರಿನ ಪಿಯು ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅವರು ರಸಾಯನಶಾಸ್ತ್ರ, ನಾನು ಕನ್ನಡ. ಸುದ್ದಿ ತಿಳಿದಾಗ ನನಗೆ ದುಃಖವಾಯಿತು. ಅವರಿಲ್ಲದೆ ಇನ್ನು ನನ್ನನ್ನು ತಿದ್ದುವವರು ಯಾರೂ ಇಲ್ಲ ಎಂಬ ಸ್ವಾರ್ಥದ ದುಃಖವೂ ಅದರಲ್ಲಿ ಸೇರಿತ್ತು.

ಬಸ್ಸಿನ ಕಂಬಿಯನ್ನು ಎಲ್ಲರೂ ಹಿಡಿದುಕೊಳ್ಳುತ್ತಾರೆ, ಅವರು ಸವರುತ್ತಿದ್ದರು. ಹೆಬ್ಬೆರಳಿನಿಂದ ಮೆಲ್ಲಗೆ ಒಂದು ಚೂರು ಜಾಗವನ್ನು ಉಜ್ಜುತ್ತ, “ಇಲ್ಲಿ ಎಷ್ಟಿರಬೋದು ಸಾರ್?” ಎನ್ನುವರು. ಮೊದಲ ಸಲ ನನಗೆ ಅರ್ಥವಾಗಲಿಲ್ಲ.

“ಎಷ್ಟು ಏನು?”

“ಪರಮಾಣು. ಮೇಲಿನ ಒಂದು ಪದರ ಮಾತ್ರ.”

ಹಿಂದಿನಿಂದ ಕಂಡಕ್ಟರ್, “ಮೇಷ್ಟ್ರೇ, ಎಷ್ಟಾನಾ ಇರ್ಲಿ, ವಸಿ ಒಳಕ್ಕೆ ನಡೀರಿ. ಇನ್ನೂ ಜನ ಹತ್ತಬೇಕು” ಎಂದ. ಅವರು ಒಳಕ್ಕೆ ನಡೆದರು. ಅಲ್ಲಿಯೂ ಇನ್ನೊಂದು ಕಂಬಿ ಇತ್ತು.

ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೊಂದು ಪ್ರಬಂಧ ಬರೆದಿದ್ದೆ. ‘ಆಕಾಶದಲ್ಲಿ ಅಸಂಖ್ಯಾತ ನಕ್ಷತ್ರಗಳು’ ಎಂದು ಅದರಲ್ಲೊಂದು ಸಾಲು. ಅವರು ಓದಿ, ಆ ಸಾಲಿನ ಕೆಳಗೆ ಬೆರಳಿಟ್ಟು, “ಇದು ತಪ್ಪು. ಬರಿಗಣ್ಣಿಗೆ ಕಾಣೋದು ಕೆಲವು ಸಾವಿರ” ಎಂದರು. ಅದು ಕಾವ್ಯದ ಮಾತು ಸಾರ್, ಎಂದೆ. “ಅಸಂಖ್ಯಾತ ಅನ್ನೋದು ಯಾವುದೂ ಇಲ್ಲ ಸಾರ್. ಅಂದಾಜು ಮಾಡಕ್ಕೆ ಸೋಮಾರಿತನ, ಅಷ್ಟೇ.” ನನಗೆ ರೇಗಿತು. ಆದರೆ ಆಮೇಲೆ ಇಂದಿನವರೆಗೂ ಆ ಪದವನ್ನು ನಾನು ಧೈರ್ಯವಾಗಿ ಬರೆದಿಲ್ಲ.

ಪರಮಾಣುವಿನ ಲೆಕ್ಕವನ್ನು ಅವರು ನನ್ನಂಥವನಿಗೂ ಹೇಳಿಕೊಟ್ಟಿದ್ದರು. ಕಾಲೇಜಿನ ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತ ಕೂತಿದ್ದೆವು. ಅವರ ಮಾತಿನಲ್ಲಿ ಉತ್ಸಾಹ ಬಂದಾಗಲೆಲ್ಲ ಊರಿನ ತೆಲುಗು ತಾನಾಗಿ ನುಗ್ಗುತ್ತಿತ್ತು.

“ಚೌಕದ ಪೆಟ್ಟಿಗೇಲಿ ಇಪ್ಪತ್ತೇಳು ನಿಂಬೆಹಣ್ಣು ಒತ್ತೊತ್ತಾಗಿ ಜೋಡಿಸಿದೀನಿ. ಉದ್ದ, ಅಗಲ, ಎತ್ತರ ಎಲ್ಲ ಒಂದೇ. ಮುಚ್ಚಳ ತೆಗೆದ್ರೆ ಕಣ್ಣಿಗೆ ಬೀಳೋದು ಎಷ್ಟು?”

ನಾನು ಬೆರಳು ಮಡಿಸಿ ಎಣಿಸಿ, “ಒಂಬತ್ತು” ಎಂದೆ.

“ಅಷ್ಟೇ ಕದಾ! ಇಪ್ಪತ್ತೇಳರ ಘನಮೂಲ ಮೂರು, ಮೂರರ ವರ್ಗ ಒಂಬತ್ತು. ಈಗ ನಿಂಬೆಹಣ್ಣು ತೆಗೀರಿ, ತಾಮ್ರ ಇಡಿ. ಬೆರಳ ತುದಿಯಷ್ಟು, ಒಂದು ಘನ ಸೆಂಟಿಮೀಟರ್. ತೂಗಿದ್ರೆ ಒಂಬತ್ತು ಗ್ರಾಮಿಗೆ ಚೂರು ಕಮ್ಮಿ. ಅದೇ ಸಾಂದ್ರತೆ. ಇಷ್ಟು ಗ್ರಾಂ ತಾಮ್ರದಲ್ಲಿ ಇಷ್ಟು ಪರಮಾಣು ಅಂತ ಪುಸ್ತಕದಲ್ಲಿದೆ, ಹಾಗಾಗಿ ತುಂಡಿನಲ್ಲಿ ಒಟ್ಟು ಎಷ್ಟು ಅಂತ ಸಿಕ್ತು. ಅದರ ಘನಮೂಲ ತೆಗೆದ್ರೆ ಒಂದು ಅಂಚಿನುದ್ದಕ್ಕೆ ನಾಲ್ಕೂವರೆ ಕೋಟಿಗೆ ಚೂರು ಕಮ್ಮಿ. ಅದನ್ನ ಅದರಿಂದಲೇ ಗುಣಿಸಿ. ಮೇಲ್ಮೈ ಮೇಲೆ ಹತ್ತೊಂಬತ್ತು ಕೋಟಿ ಕೋಟಿ.”

“ಒಂದನ್ನೂ ಕಣ್ಣಿಂದ ನೋಡದೆ?”

“ಒಂದನ್ನೂ ನೋಡದೆ. ಒಂದು ತಕ್ಕಡಿ, ಒಂದು ಅಳತೆಪಟ್ಟಿ.”

ಅವರನ್ನು ಸಿಕ್ಕಿಸಬೇಕೆಂದು, “ಕರಾರುವಾಕ್ಕಾಗಿ ಹತ್ತೊಂಬತ್ತೇನಾ?” ಎಂದೆ. “ಅಲ್ಲ. ಪರಮಾಣು ಜೋಡಿಸಿಕೊಂಡಿರೋ ರೀತಿ ನೋಡಿದ್ರೆ ಹದಿನೈದಿರಬೋದು, ಹದಿನೆಂಟಿರಬೋದು. ಆದ್ರೆ ಒಂದಲ್ಲ, ನೂರಲ್ಲ” ಎಂದರು. ಇಡ್ಲಿ ಬಂತು. ಅವರು ತಿನ್ನಲಿಲ್ಲ, ಮಾತು ಮುಗಿದಿರಲಿಲ್ಲ. “ಅಂದಾಜು ಅಂದ್ರೆ ಸುಳ್ಳಲ್ಲ ಸಾರ್. ಎಷ್ಟು ತಪ್ಪಬೋದು ಅಂತ ಮೊದಲೇ ಒಪ್ಕೊಂಡು ಆಡೋ ಮಾತು. ಸುಳ್ಳು ಹೇಳೋನು ಅದನ್ನ ಒಪ್ಕೊಳ್ಳಲ್ಲ.”

ಅವರ ಹತ್ತಿರ ಒಂದು ತಾಮ್ರದ ಡಬರಿ ಇತ್ತು. ಹೊರಗೆ ಕೆಂಪಗೆ, ಒಳಗೆ ಕಲಾಯಿ ಹಾಕಿ ಬೆಳ್ಳಗೆ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಒಂದು ಕಾಲಕ್ಕೆ ಇದ್ದಂಥದ್ದೇ, ನಾಲ್ಕು ಜನಕ್ಕೆ ಸಾರು ಆಗುವಷ್ಟು ದೊಡ್ಡದು. ಅದರಲ್ಲಿ ಅವರು ಎಂದೂ ಸಾರು ಮಾಡಿಸಲಿಲ್ಲ. ಪ್ರತಿ ವರ್ಷ ಪ್ರಥಮ ಪಿಯು ಮಕ್ಕಳು ಸಾಂದ್ರತೆ, ಘನಮೂಲ ಎಲ್ಲ ಕಲಿತ ಮೇಲೆ, ಒಂದು ದಿನ ಅದನ್ನು ಬಟ್ಟೆಯ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು ಕೇಳುತ್ತಿದ್ದರು: “ಇದು ನಮ್ಮನೆ ತಾಮ್ರದ ಡಬರಿ. ಇದರ ಒಳಮೈ ಮೇಲೆ, ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಪರಮಾಣು ಇವೆ? ಕೊಳೆ, ಆಕ್ಸೈಡು ಎಲ್ಲ ಮರೀರಿ.”

ಮಕ್ಕಳು ತಲೆ ತಗ್ಗಿಸಿ ಬರೆಯುವರು. ಎಲ್ಲರ ಉತ್ತರವೂ ಹತ್ತೊಂಬತ್ತು ಕೋಟಿ ಕೋಟಿ. ಅವರು ಬೆಂಚಿನಿಂದ ಬೆಂಚಿಗೆ ಹೋಗಿ ತಪ್ಪು, ತಪ್ಪು, ತಪ್ಪು ಎನ್ನುವರು. ಮಕ್ಕಳು ಕಕ್ಕಾಬಿಕ್ಕಿ. ಕೊನೆಗೆ ಒಬ್ಬರನ್ನು ಕರೆದು ಕೈವಾರದ ಮೊನೆಯಿಂದ ಡಬರಿಯ ಒಳಗೆ ಗೀರಲು ಹೇಳುವರು. ಬಿಳಿಯ ನಡುವೆ ಕೆಂಪು ಗೆರೆ ಮೂಡುತ್ತಿತ್ತು.

“ಒಳಗಡೆ ಇರೋದು ಕಲಾಯಿ. ಕಲಾಯಿ ಅಂದ್ರೆ ತವರ. ತವರದ ಸಾಂದ್ರತೆ ಹಾಕಿ ನೋಡಿ, ಹನ್ನೊಂದು ಬರುತ್ತೆ. ಎಲ್ಲರ ಮನೇಲೂ ಇದೆ, ಎಲ್ಲರಿಗೂ ಗೊತ್ತಿದೆ. ಆದ್ರೆ ನಾನು ತಾಮ್ರ ಅಂದ್ನಲ್ಲ, ನಂಬಿಬಿಟ್ರಿ.”

ವಾರಗಟ್ಟಲೆ ಆ ಮಕ್ಕಳು ಯಾರು ಏನು ಹೇಳಿದರೂ ಒಂದು ಗಳಿಗೆ ಅನುಮಾನದಿಂದ ನೋಡುತ್ತಿದ್ದರು. ನನ್ನ ವ್ಯಾಕರಣದ ಪಾಠವನ್ನೂ ನಂಬುತ್ತಿರಲಿಲ್ಲ, ಕಿರಿಕಿರಿಯಾಗುತ್ತಿತ್ತು. ಗೀರಿದ ಗುರುತು ಮುಂದಿನ ವರ್ಷದವರಿಗೆ ಸುಳಿವಾಗಬಾರದೆಂದು ಅವರು ಸಿರಾಕ್ಕೆ ಹೋಗಿ ಮತ್ತೆ ಕಲಾಯಿ ಹಾಕಿಸಿಕೊಂಡು ಬರುವರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಕಲಾಯಿಯವನು ಡಬರಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಕ್ಯಾ ಮೇಷ್ಟ್ರೇ, ಒಲೆ ಮೇಲೆ ಒಂದಿನಾನೂ ಇಟ್ಟಿಲ್ಲ, ಮತ್ತೆ ಕಲಾಯಿ ಯಾಕೆ?” ಎಂದ. “ನಿಂದು ತವರ, ನಂದು ಪಾಠ. ಹಾಕಪ್ಪ” ಎಂದರು ಇವರು.

ನಮ್ಮ ಕಾಲೇಜಿನ ವಿಜ್ಞಾನ ವಿಭಾಗ ಸೊರಗುತ್ತಿತ್ತು. ಬಸ್ಸು ಹತ್ತಿ ಮಧುಗಿರಿಗೋ ತುಮಕೂರಿಗೋ ಹೋಗಬಲ್ಲ ಮಕ್ಕಳು ಹೋಗುತ್ತಿದ್ದರು, ಹೋಗಲಾಗದವರು ನಮಗೆ ಉಳಿಯುತ್ತಿದ್ದರು. ಮಕ್ಕಳು ಕಡಿಮೆಯಾದರೆ ವಿಭಾಗ ಮುಚ್ಚುತ್ತಾರೆ, ಮುಚ್ಚಿದರೆ ಈ ಸುತ್ತಿನ ಹಳ್ಳಿಯ ಮಕ್ಕಳಿಗೆ ವಿಜ್ಞಾನ ಓದುವ ದಾರಿಯೇ ಇಲ್ಲ. ಅವರಿಗೆ ಇದು ದೊಡ್ಡ ಚಿಂತೆಯಾಗಿತ್ತು. ಬೇಸಿಗೆ ರಜೆಯಲ್ಲಿ ಹತ್ತನೇ ತರಗತಿ ಪಾಸಾದವರ ಮನೆ ಹುಡುಕಿಕೊಂಡು ಹಳ್ಳಿ ತಿರುಗುತ್ತಿದ್ದರು. ಚನ್ನರಾಯನದುರ್ಗದ ಕಡೆ ಒಂದು ಹಳ್ಳಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅದು ಕುರಿ ಸಾಕುವವರ ಮನೆ. ಹುಡುಗಿಗೆ ಒಳ್ಳೆಯ ಅಂಕ ಬಂದಿತ್ತು. ಮನೆಯವರು ಕೊಟ್ಟ ನೀರು ಕುಡಿದು, ಇವರು ಅಭ್ಯಾಸಬಲದಿಂದ ಖಾಲಿ ಚೊಂಬನ್ನು ಬೆಳಕಿಗೆ ಹಿಡಿದು, ತಟ್ಟಿ, ಹೆಬ್ಬೆರಳಿನಿಂದ ಸವರಿ, “ಎಷ್ಟಿರಬೋದು?” ಎಂದರು.

ಹುಡುಗಿಯ ತಾಯಿ ಚೊಂಬನ್ನು ಕಸಿದುಕೊಂಡಳು. “ಹಳೇ ಪಾತ್ರೆ ಯಾವ್ದೂ ಮಾರಾಕಿಲ್ಲ ಕಣಪ್ಪ. ನೀರು ಕುಡಿದ್ರಲ್ಲ, ಮುಂದ್ಕೋಗಿ.”

ನಾನು ನಗು ತಡೆಯಲಾರದೆ ಅಂಗಳಕ್ಕೆ ಬಂದುಬಿಟ್ಟೆ. ಅವರು ಅಲ್ಲೇ ಕೂತು, ತಾವು ಯಾರು, ಬಂದದ್ದು ಯಾಕೆ, ಎಲ್ಲ ಹೇಳಿದರು. “ನಿಮ್ಮ ಮಗಳಿಗೆ ಕಾಲೇಜು ಹತ್ತಿರ ಐತಮ್ಮ. ಅದು ಹತ್ತಿರಾನೇ ಇರಬೇಕು ಅಂದ್ರೆ ನಿಮ್ಮ ಮಗಳು ಅಲ್ಲಿಗೆ ಬರಬೇಕು” ಎಂದರು. ಆ ಹುಡುಗಿ ಸೇರಿದಳು. ಡಬರಿಯಲ್ಲಿ ಅವಳೂ ಸಿಕ್ಕಿಬಿದ್ದಳು. ಆ ವರ್ಷ ಕೈವಾರದಿಂದ ಗೀರಿದವಳು ಅವಳೇ.

ಮರುವರ್ಷ ವಿಭಾಗ ಮುಚ್ಚುವ ಮಾತು ಮೇಲಿನಿಂದಲೇ ಬಂತು. ಉಳಿಸಬೇಕೋ ಬೇಡವೋ ಎಂದು ನೋಡಿ ಹೇಳಲು ಒಬ್ಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಅವರು ಮೊದಲು ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು, ತಾವು ಹೇಳಿದ್ದಕ್ಕೆ ಎದುರಾಡಿದರೆ ಸಹಿಸುವವರಲ್ಲ ಎಂಬ ಸುದ್ದಿ ಅವರಿಗಿಂತ ಮೊದಲೇ ನಮ್ಮ ಸ್ಟಾಫ್ ರೂಮಿಗೆ ಬಂದು ಕೂತಿತ್ತು. ಆ ದಿನ ಬೆಳಗ್ಗೆ ಪ್ರಿನ್ಸಿಪಾಲರು ನಮ್ಮ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, “ಸಾರ್, ಇವತ್ತೊಂದು ದಿನ ನಿಮ್ಮ ‘ತಪ್ಪು’ ಅನ್ನೋದನ್ನ ಮನೇಲಿ ಬಿಟ್ಟು ಬಂದಿದೀನಿ ಅಂತ ಹೇಳಿ ನನಗೆ” ಎಂದರು. ಇವರು ಡಬರಿಯ ಚೀಲ ಎತ್ತಿಕೊಂಡು ಕ್ಲಾಸಿಗೆ ನಡೆದರು. ಕನ್ನಡಕವನ್ನೂ ಒರೆಸಲಿಲ್ಲ.

ಅಧಿಕಾರಿ ಬಂದಾಗ ಇವರು ದ್ವಿತೀಯ ಪಿಯು ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಮುಂದಿನ ಪೀರಿಯಡ್ಡು ಪ್ರಥಮ ಪಿಯು ಇದ್ದದ್ದರಿಂದ ಡಬರಿ ಆಗಲೇ ಮೇಜಿನ ಮೇಲಿತ್ತು. ಹಿಂದಿನ ಭಾನುವಾರವಷ್ಟೇ ಕಲಾಯಿಯಾಗಿ ಥಳಥಳಿಸುತ್ತಿತ್ತು. ಪ್ರಿನ್ಸಿಪಾಲರ ಹಿಂದೆ ನಾನೂ ಬಾಗಿಲಲ್ಲಿ ನಿಂತಿದ್ದೆ.

“ಏನ್ರೀ ಇದು, ಕ್ಲಾಸಲ್ಲಿ ಸಾರು ಕಾಯಿಸ್ತೀರಾ?” ಎಂದರು ಅಧಿಕಾರಿ.

ಇವರು ಸುಳ್ಳು ಹೇಳಲು ಬಾರದವರು. ಡಬರಿಯ ಪ್ರಶ್ನೆಯನ್ನು ಇದ್ದಂತೆಯೇ ಹೇಳಿದರು. ಅಧಿಕಾರಿಯ ಮುಖ ಅರಳಿತು. ಬಹಳ ವರ್ಷದ ಮೇಲೆ ಸೀಮೆಸುಣ್ಣ ಕಂಡವರಂತೆ ಎತ್ತಿಕೊಂಡು, ತಾವೇ ಬೋರ್ಡಿಗೆ ಹೋದರು. ತಾಮ್ರದ ಸಾಂದ್ರತೆ, ಘನಮೂಲ, ವರ್ಗ. ಅಕ್ಷರ ಮುದ್ದಾಗಿತ್ತು, ಲೆಕ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಕೊನೆಗೆ ಹತ್ತೊಂಬತ್ತು ಕೋಟಿ ಕೋಟಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೈ ಕೊಡವಿಕೊಂಡು ಇವರ ಕಡೆ ತಿರುಗಿದರು.

“ಏನ್ ಮೇಷ್ಟ್ರೇ, ಸರೀನಾ?”

ಕ್ಲಾಸಿನಲ್ಲಿದ್ದ ಎಲ್ಲರಿಗೂ ಉತ್ತರ ಗೊತ್ತಿತ್ತು. ಒಂದು ವರ್ಷ ಮೊದಲು ಅದೇ ಹಳ್ಳಕ್ಕೆ ಬಿದ್ದು ಎದ್ದವರು ಅವರು. ಎರಡನೇ ಬೆಂಚಿನಲ್ಲಿ ಆ ಕುರಿಯವರ ಹುಡುಗಿ ಕೈ ಎತ್ತಿದಳು. ಪ್ರಿನ್ಸಿಪಾಲರು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ನೋವಾಯಿತು. ಇವರು ಹುಡುಗಿಯನ್ನು ನೋಡಿ ಅಡ್ಡಡ್ಡ ತಲೆಯಾಡಿಸಿದರು. ಅವಳು ಕೈ ಇಳಿಸಿದಳು. ಇವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಸರಿ ಸಾರ್.”

ಅಧಿಕಾರಿಗೆ ಬಹಳ ಸಂತೋಷವಾಯಿತು. ಹೊರಗೆ ಬಂದು, “ಇಂಥ ಪಾಠ ನಡೆಯೋ ವಿಭಾಗನ ಮುಚ್ಚೋದು ಹೆಂಗ್ರೀ?” ಎಂದು ಪ್ರಿನ್ಸಿಪಾಲರನ್ನೇ ಗದರಿದರು. ವಿಭಾಗ ಉಳಿಯಿತು. ಸಂಜೆ ಸ್ಟಾಫ್ ರೂಮಿನಲ್ಲಿ ಬೋಂಡಾ ತರಿಸಿದೆವು. ಇವರು ಒಂದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು, ತಿಂದದ್ದು ನಾನು ನೋಡಲಿಲ್ಲ. ಅಂದು ಪ್ರಥಮ ಪಿಯು ಮಕ್ಕಳಿಗೆ ಡಬರಿಯ ಪ್ರಶ್ನೆ ಕೇಳಲಿಲ್ಲವೆಂದು ಆಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಧುಗಿರಿ ಬರುವವರೆಗೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ಕಂಬಿಯನ್ನೂ ಸವರಲಿಲ್ಲ.

ಮರುದಿನ ಆ ಹುಡುಗಿ ಕಾರಿಡಾರಿನಲ್ಲಿ ಅವರನ್ನು ತಡೆದು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

“ಸಾ, ಅದು ತಪ್ಪಲ್ವಾ? ನೀವು ಸರಿ ಅಂದ್ಬುಟ್ರಲ್ಲ, ಹೆಂಗೆ ಸಾ?”

“ಹೌದಮ್ಮ. ಅಂದ್ಬಿಟ್ಟೆ.”

ವಿಭಾಗ ಉಳಿಸಲು ಅಂದೆ, ನಿಮಗೋಸ್ಕರ ಅಂದೆ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಹೇಳಲಿಲ್ಲ. ಹುಡುಗಿ ಹೊರಟುಹೋದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಯಾರಿಗಾಗಿ ಆ ಮನುಷ್ಯ ತನ್ನ ಬಾಯಿ ಕಟ್ಟಿಕೊಂಡನೋ ಅವರೇ ಬಂದು ಕೇಳುವುದೇ? ಅದನ್ನು ಅವರಿಗೆ ಹೇಳಿದಾಗ, “ಕೇಳಬೇಕು ಸಾರ್. ಕೇಳದೇ ಹೋಗಿದ್ರೆ ನನ್ನ ಪಾಠ ದಂಡ ಆಗ್ತಿತ್ತು” ಎಂದರು.

ಡಬರಿ ಆಮೇಲೆ ಕಾಲೇಜಿಗೆ ಬರಲಿಲ್ಲ. ನಿವೃತ್ತಿಯವರೆಗೂ ಪ್ರತಿ ವರ್ಷ ಅವರು ಸಾಂದ್ರತೆಯ ಪಾಠ ಮಾಡಿದರು, ನಿಂಬೆಹಣ್ಣಿನ ಲೆಕ್ಕ ಹೇಳಿದರು, ಅಲ್ಯೂಮಿನಿಯಂ ತಟ್ಟೆ ತಂದು ಪರಮಾಣು ಎಣಿಸಿದರು. ಡಬರಿ ಎಲ್ಲಿ ಸಾರ್ ಎಂದು ನಾನು ಒಂದೆರಡು ಸಲ ಕೇಳಿದೆ. “ಮನೇಲಿದೆ” ಎನ್ನುವರು, ಮಾತು ಬೇರೆ ಕಡೆ ಹೋಗುತ್ತಿತ್ತು. ಬೇಸರವಾಗಿ ಅಟ್ಟಕ್ಕೆ ಹಾಕಿರಬೇಕು ಎಂದುಕೊಂಡೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ಅವರನ್ನು ಸತ್ಯವಂತ, ನಿಷ್ಠುರಿ ಎಂದು ಹೊಗಳಿದೆವು. ಅವರು ಎದ್ದು ನಿಂತು, “ನೀವು ಹೇಳಿದ್ದರಲ್ಲಿ ಒಂದು ಕಡೆ ತಪ್ಪಿದೆ” ಎಂದು ಕೂತರು. ಎಲ್ಲರೂ ನಕ್ಕೆವು. ಅದು ಅವರ ಎಂದಿನ ಮಾತು ತಾನೇ.

ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಪಾವಗಡದ ಬಸ್ಸು ಹತ್ತಿ ಹೋದೆ. ಅವರ ಹೆಂಡತಿ ಮಾತು ಬಲ್ಲ ಹೆಂಗಸು. ಗಂಡ ಬದುಕಿದ್ದಾಗ ಮನೆಯಲ್ಲಿ ಮಾತೆಲ್ಲ ಆಕೆಯದೇ. ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. ನನ್ನ ಕಣ್ಣು ಗೂಡಿನಲ್ಲಿದ್ದ ಡಬರಿಯ ಮೇಲೆ ಬಿತ್ತು. ಅದರ ತುಂಬ ಹುರುಳಿ.

“ಇದು ಇನ್ನೂ ಇದೆಯಾ ಅಮ್ಮ!”

“ಐತೆ ಸಾರ್. ಅದರಾಗೆ ಅಡುಗೆ ಮಾಡಂಗಿಲ್ಲ, ಹುಳಿ ಬಿದ್ರೆ ಹಸುರುಗಟ್ತದೆ. ಎಸೆಯಾಕೂ ಮನಸ್ಸು ಬರಲ್ಲ. ಅದಕ್ಕೆ ಉಳ್ಳಿಕಾಳು ಹಾಕಿಟ್ಟಿದೀನಿ.”

ಹುಳಿ ಬಿದ್ದರೆ ಯಾಕೆ ಹಸುರುಗಟ್ಟಬೇಕು, ಕಲಾಯಿ ಇದೆಯಲ್ಲ ಎಂದೆ. ಅವರು ಹುರುಳಿಯನ್ನು ಮೊರಕ್ಕೆ ಸುರಿದು ಡಬರಿಯನ್ನು ನನ್ನ ಕೈಗೆ ಕೊಟ್ಟರು. ಒಳಗೆಲ್ಲ ಕೆಂಪು. ಒಲೆಯನ್ನೇ ಕಾಣದ ಪಾತ್ರೆಯ ಕಲಾಯಿ ತಾನಾಗಿ ಹೋಗುವುದಿಲ್ಲ. ಕಂಠದ ಮಡಿಕೆಯ ಕೆಳಗೆ ಬೆರಳು ಹಾಕಿ ನೋಡಿದೆ. ಅಲ್ಲೂ ಒಂದು ಚೂರು ಬಿಳಿ ಇರಲಿಲ್ಲ.

“ಮದುವೆ ಆದಾಗಿಂದ ಒಂದು ಲೋಟ ತೊಳೆದೋರಲ್ಲ ಸಾರ್ ಇವ್ರು. ನಿಮ್ಮ ಕಾಲೇಜಿಗೆ ಆಫೀಸರು ಬಂದೋದ್ರಂತಲ್ಲ, ಆವತ್ತು ಸಾಯಂಕಾಲ ಬಂದೋರೇ, ಬಟ್ಟೇನೂ ಬದಲಾಯಿಸ್ದೆ ಬಚ್ಚಲಾಗೆ ಕೂತ್ಬುಟ್ರು. ಇಟ್ಟಿಗೆ ಪುಡಿ ಕೊಡು, ಹುಣಸೆಹಣ್ಣು ಕೊಡು ಅಂತಾರೆ. ಏಮೈಂದಿ ನಿಮ್ಗೆ, ಮೊನ್ನೆ ತಾನೇ ಹಾಕ್ಸಿದ ಕಲಾಯಿ, ಕಿತ್ತೋಗ್ತದೆ ಅಂದೆ. ಕಿತ್ತೋಗ್ಲಿ ಅಂತಾನೇ ಉಜ್ತಿರೋದು ಅಂದ್ರು.”

ನಾನು ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡೆ.

“ದಿನಾ ಬೆಳಗ್ಗೆ ಅದೇ ಕೆಲಸ. ಹಲ್ಲುಜ್ಜೋದು, ಡಬರಿ ಉಜ್ಜೋದು. ಯಾಕಯ್ಯಾ ಈ ಕರ್ಮ ಅಂದ್ರೆ, ಆಫೀಸರ್ ಮುಂದೆ ಇದರ ಒಳಮೈ ತಾಮ್ರ ಅಂತ ಒಪ್ಕೊಂಡ್ಬಿಟ್ಟಿದೀನಿ, ಆವತ್ತು ಆಗಿರ್ಲಿಲ್ಲ, ಇನ್ನು ಮೇಲಾದ್ರೂ ಆಗ್ಬೇಕು ಅಂದ್ರು. ಕಲಾಯೀಲಿ ಲಕ್ಷ ಪದರ ಐತಂತೆ. ದಿನಕ್ಕೆ ಇಷ್ಟು ಪದರ ಹೋದ್ರೆ ಒಂದು ವರ್ಷ ಬೇಕು ಅಂತ ಅಂದಾಜು ಹಾಕಿದ್ರು. ಆರು ತಿಂಗಳಿಗೇ ಪೂರಾ ಕೆಂಪಾಯ್ತು. ನಿಮ್ಮ ಅಂದಾಜು ತಪ್ತಲ್ಲ ಅಂತ ನಗಾಡಿದೆ. ಎರಡರಷ್ಟು ತಪ್ಪಿದ್ರೆ ಪರವಾಗಿಲ್ಲ, ಹತ್ತರಷ್ಟು ತಪ್ಪಬಾರದು ಅಂದ್ರು.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಆವತ್ತು ರಾತ್ರಿ ಎರಡು ಮುದ್ದೆ ಉಂಡ್ರು ಸಾರ್. ಆರು ತಿಂಗಳಿಂದ ನೆಟ್ಟಗೆ ಊಟ ಮಾಡಿರ್ಲಿಲ್ಲ.”

ಆ ಆರು ತಿಂಗಳೂ ನಾನು ಬಸ್ಸಿನಲ್ಲಿ ದಿನವೂ ಅವರ ಪಕ್ಕದಲ್ಲೇ ಕೂತಿದ್ದೆ. ಅವರ ಬೆರಳ ಸಂದಿಯ ಇಟ್ಟಿಗೆ ಕೆಂಪನ್ನು ಕಂಡಿದ್ದೆ, ಮನೆ ರಿಪೇರಿ ಇರಬೇಕು ಎಂದುಕೊಂಡಿದ್ದೆ. ಈಗ ಆ ಡಬರಿಯನ್ನು ಹಿಡಿದುಕೊಂಡು ಕೂತಿದ್ದೆ. ನನಗೇ ಗೊತ್ತಿಲ್ಲದೆ ಹೆಬ್ಬೆರಳಿನಿಂದ ಒಳಮೈಯನ್ನು ಸವರುತ್ತಿದ್ದೆ.

ಹೊರಡುವಾಗ ಅವರ ಹೆಂಡತಿ ಡಬರಿಯನ್ನು ಅವರದೇ ಹಳೆಯ ಬಟ್ಟೆಚೀಲದಲ್ಲಿ ಹಾಕಿ ನನ್ನ ಕೈಗಿಟ್ಟರು.

“ತಗಂಡೋಗಿ ಸಾರ್, ಕಾಲೇಜಿನ ಮಕ್ಕಳಿಗೆ ಆಗ್ತದೆ. ಸಿರಾದಾಗೆ ಒಂದು ಸಲ ಕಲಾಯಿ ಹಾಕ್ಸಿಬುಟ್ರೆ ಹೊಸದ್ರಂಗೆ ಆಗ್ತದೆ.”

“ತಗೊಂಡು ಹೋಗ್ತೀನಮ್ಮ” ಎಂದೆ. “ಕಲಾಯಿ ಮಾತ್ರ ಬೇಡ. ಹಾಕಿಸಿದ್ರೆ ಮತ್ತೆ ತಪ್ಪಾಗುತ್ತೆ.”